ವೇಗಕ್ಕಿಂತ ಮೆಮೊರಿ ಮುಖ್ಯ: ಆರ್‌ಟಿಎಕ್ಸ್ 3060 ಜೊತೆ ಕೆಲವು ವರ್ಷ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದು. ಎನ್ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, 12 ಜಿಬಿ ಮೆಮೊರಿಯದ್ದು. ಜೊತೆಗೆ 32 ಜಿಬಿ ರ್‍ಯಾಮ್, 1 ಟಿಬಿ ಎಸ್‌ಎಸ್‌ಡಿ, ಉಬುಂಟು. ಕನ್ನಡದ ಮಾತನ್ನು ಬರಹಕ್ಕೆ ಇಳಿಸುವ ಮಾಡೆಲ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ.

ಅಂಗಡಿಯವರು 3060 ಟಿಐ ತಗೊಳ್ಳಿ ಅಂತ ಒತ್ತಾಯ ಮಾಡಿದ್ದರು. ಗೇಮ್ ಆಡುವವರಿಗೆ ಅದೇ ಸರಿ, ವೇಗ ಜಾಸ್ತಿ. ಆದರೆ ಅದರಲ್ಲಿರುವುದು 8 ಜಿಬಿ. ವೇಗ ಕಡಿಮೆ ಇದ್ದರೆ ಇನ್ನೊಂದು ರಾತ್ರಿ ಕಾಯಬಹುದು. ಮೆಮೊರಿ ಸಾಲದಿದ್ದರೆ 'ಔಟ್ ಆಫ್ ಮೆಮೊರಿ' ಅಂತ ತೋರಿಸಿ ನಿಂತುಬಿಡುತ್ತದೆ, ಅಷ್ಟೇ.

ಲೆಕ್ಕ ಸುಲಭ. ಆಡಮ್ ಅನ್ನುವ ತರಬೇತಿ ವಿಧಾನ ಬಳಸಿ ಪೂರ್ತಿ ಮಾಡೆಲ್‌ಗೆ ತರಬೇತಿ ಕೊಡಲು ಒಂದೊಂದು ಪ್ಯಾರಾಮೀಟರಿಗೂ (ಮಾಡೆಲ್ ಕಲಿತು ಇಟ್ಟುಕೊಳ್ಳುವ ಸಂಖ್ಯೆ) ಸುಮಾರು 16 ಬೈಟ್ ಬೇಕು. ಮಾತನ್ನು ಬರಹಕ್ಕೆ ಇಳಿಸುವ ವಿಸ್ಪರ್ ಮಾಡೆಲ್‌ನ ಸ್ಮಾಲ್ ರೂಪದಲ್ಲಿ 24.4 ಕೋಟಿ ಪ್ಯಾರಾಮೀಟರ್ ಇವೆ, ಅಂದರೆ 4 ಜಿಬಿ ಹತ್ತಿರ. ಬ್ಯಾಚ್‌ಗೆ, ಅಂದರೆ ಒಂದೊಂದು ಸಲಕ್ಕೆ ಒಟ್ಟಿಗೆ ಕೊಡುವ ಆಡಿಯೋ ತುಣುಕುಗಳಿಗೆ, ಬೇಕಾದದ್ದು ಇದರ ಮೇಲೆ. 12 ಜಿಬಿಯಲ್ಲಿ ಆರಾಮಾಗಿ ನಡೆಯುತ್ತದೆ. ಅದಕ್ಕಿಂತ ದೊಡ್ಡದಾದ ವಿಸ್ಪರ್ ಮೀಡಿಯಂನಲ್ಲಿ 76.9 ಕೋಟಿ. ಅಲ್ಲಿಗೆ ಇದೇ ಲೆಕ್ಕ 12 ಜಿಬಿ ದಾಟುತ್ತದೆ. ಅದಕ್ಕೆ ನಾನು ಲೋರಾ ಅನ್ನುವ ವಿಧಾನ ಬಳಸುತ್ತೇನೆ. ಸಣ್ಣದೊಂದು ಭಾಗಕ್ಕೆ ಮಾತ್ರ ತರಬೇತಿ ಸಿಗುವುದರಿಂದ ಕೆಲಸ ಸಾಗುತ್ತದೆ. 700 ಕೋಟಿ ಪ್ಯಾರಾಮೀಟರಿನ ಭಾಷಾ ಮಾಡೆಲ್ ಕೂಡ, ಅದರ ಒಂದೊಂದು ಸಂಖ್ಯೆಯನ್ನೂ 4 ಬಿಟ್‌ಗೆ ಇಳಿಸಿ ಚಿಕ್ಕದು ಮಾಡಿದರೆ, ಇದರಲ್ಲಿ ಓಡುತ್ತದೆ.

ಕೊಳ್ಳುವಾಗ ಬರೀ 3060 ಅನ್ನೋ ಹೆಸರು ನೋಡಬೇಡಿ. ಲ್ಯಾಪ್‌ಟಾಪಿನ 3060ಯಲ್ಲಿ 6 ಜಿಬಿ ಮಾತ್ರ. ಡೆಸ್ಕ್‌ಟಾಪಿಗೂ 2022ರಲ್ಲಿ 8 ಜಿಬಿಯದ್ದೊಂದು ಬಂತು. ಡಬ್ಬದ ಮೇಲೆ 12 ಅಂತ ಇದೆಯಾ ನೋಡಿಯೇ ದುಡ್ಡು ಕೊಡಿ.

ತಕರಾರೂ ಇವೆ. ಕಾರ್ಡು ಎಳೆಯುವುದು 170 ವ್ಯಾಟ್. ಏಪ್ರಿಲ್ ಸೆಕೆಯಲ್ಲಿ ರಾತ್ರಿಯಿಡೀ ಓಡಿಸಿದರೆ ಆ ಕೋಣೆಯಲ್ಲಿ ಮಲಗೋದು ಕಷ್ಟ, ಫ್ಯಾನಿನ ಸದ್ದು ಬೇರೆ. ಮುಂಭಾಗಕ್ಕೆ ಗಾಜಿರುವ ಕ್ಯಾಬಿನೆಟ್ ನೋಡೋಕೆ ಚೆಂದ, ಗಾಳಿ ಆಡಲ್ಲ. ಜಾಲರಿಯದ್ದು ಹಾಕಿದ ಮೇಲೆ ಎಷ್ಟೋ ವಾಸಿ. ಯುಪಿಎಸ್ ಅಂತೂ ಬೇಕೇ ಬೇಕು. ಆಗಾಗ ಚೆಕ್‌ಪಾಯಿಂಟ್ (ಅಲ್ಲಿಯವರೆಗಿನ ತರಬೇತಿಯ ಪ್ರತಿ) ಉಳಿಸುವ ಅಭ್ಯಾಸವೂ ಇರಲಿ.

ಕಲಿಯಲು ಶುರು ಮಾಡುವವರಿಗೆ ಇಷ್ಟೂ ಖರ್ಚು ಬೇಡ. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಸೇವೆ ಕೊಲ್ಯಾಬ್‌ನಲ್ಲಿ ಪುಕ್ಕಟೆ ಸಿಗುವ ಟಿ4 ಕಾರ್ಡು ಸದ್ಯಕ್ಕೆ ಸಾಕು. ಅದು ನಡುವೆ ಕಡಿದುಹೋಗಿ ಸಿಟ್ಟು ಬರಲು ಶುರುವಾದಾಗ ಸ್ವಂತ ಮೆಷಿನ್ ಯೋಚಿಸಿ. ನನಗೀಗ 24 ಜಿಬಿ ಬೇಕಾಗಿದೆ, ಸೆಕೆಂಡ್ ಹ್ಯಾಂಡ್ 3090 ಹುಡುಕುತ್ತಿದ್ದೇನೆ. ಅದೊಂದಕ್ಕೇ 350 ವ್ಯಾಟ್, ಹಾಗಾಗಿ ಪವರ್ ಸಪ್ಲೈಯನ್ನೂ ಬದಲಿಸಬೇಕು.