ಆಡಮ್ಸ್ ಫ್ಲೈ ಕಟ್ಟುವವರಿಗೆ: ನೆಟ್ಟನೆಯ ರೆಕ್ಕೆಯೋ, ಪ್ಯಾರಾಶೂಟೋ?

ಟ್ರೌಟ್ ಮೀನಿಗಾಗಿ ಆಡಮ್ಸ್ ಫ್ಲೈ (ಗಾಳಕ್ಕೆ ಗರಿ, ತುಪ್ಪಳ ಸುತ್ತಿ ಮಾಡುವ, ಹುಳುವಿನಂತೆ ಕಾಣುವ ಆಮಿಷ) ಕಟ್ಟಲು ಕುಳಿತಾಗ ನಾನು ಈಗ ರೆಕ್ಕೆಗಳ ಬದಲು ಒಂದೇ ಕಂಬ ನಿಲ್ಲಿಸಿ ಅದರ ಸುತ್ತ ಗರಿಯನ್ನು ಅಡ್ಡಡ್ಡಲಾಗಿ ಸುತ್ತುವ ಪ್ಯಾರಾಶೂಟ್ ಮಾದರಿಯನ್ನೇ ಆರಿಸಿಕೊಳ್ಳುತ್ತೇನೆ. 1922ರಲ್ಲಿ ಮಿಷಿಗನ್ನಿನ ಲೆನ್ ಹ್ಯಾಲಡೇ ಕಟ್ಟಿದ, ಅದನ್ನು ಬೋರ್ಡ್‌ಮನ್ ನದಿಯಲ್ಲಿ ಬಳಸಿದ ಚಾರ್ಲ್ಸ್ ಆಡಮ್ಸ್ ಅವರ ಹೆಸರು ಹೊತ್ತ ಮೂಲ ಮಾದರಿಯ ಅಂದವನ್ನು ಅಲ್ಲಗಳೆಯಲಾಗದು. ಆದರೆ ಅದರ ರೆಕ್ಕೆ ಕಟ್ಟುವವನ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ಕಪ್ಪು ಬಿಳಿ ಪಟ್ಟೆಯ ಗ್ರಿಜ್ಲಿ ಗರಿಗಳ ಎರಡು ತುದಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಗಾಳದ ಕಣ್ಣಿನ ಕಡೆಗೆ ಚಾಚುವಂತೆ ಬಿಗಿದು, ಬಳಿಕ ಮೇಲೆತ್ತಿ, ಮುಂದುಗಡೆ ದಾರದ ದಪ್ಪ ಸುತ್ತುಗಳ ಆಸರೆ ಕೊಟ್ಟು ನಿಲ್ಲಿಸಬೇಕು. ಇಷ್ಟರಲ್ಲಿ ಎರಡೂ ಸಮನಾಗಿ ನಿಂತವೆಂದು ನೆಮ್ಮದಿ ಪಡುವ ಹೊತ್ತಿಗೆ ಫ್ಲೈಯನ್ನು ತೇಲಿಸಲು ಗಾಳಕ್ಕೆ ಸುತ್ತುವ ಗರಿಗಳಾದ ಕಂದು ಮತ್ತು ಗ್ರಿಜ್ಲಿ ಹ್ಯಾಕಲ್‌ಗಳನ್ನು ಒಟ್ಟಿಗೆ ಸುತ್ತುವ ಸರದಿ ಬರುತ್ತದೆ. ರೆಕ್ಕೆಯ ಹಿಂದಿನ ಸುತ್ತು ಮುಗಿದು ಮುಂದಿನದು ಶುರುವಾದೊಡನೆ ಗರಿಯ ದಂಟು ಒಂದು ರೆಕ್ಕೆಯ ಬುಡವನ್ನು ಒತ್ತಿ ಅದನ್ನು ಪಕ್ಕಕ್ಕೆ ಹೊರಳಿಸುತ್ತದೆ. ಎಂಟರ ಆಕಾರದಲ್ಲಿ ದಾರ ಸುತ್ತಿ ಸರಿಪಡಿಸಹೊರಟರೆ ಬುಡ ದಪ್ಪವಾಗಿ, 16ನೇ ಅಳತೆಯ ಪುಟ್ಟ ಗಾಳದಲ್ಲಿ ಹ್ಯಾಕಲ್‌ಗೆ ಜಾಗವೇ ಉಳಿಯುವುದಿಲ್ಲ. ಹಾಗೆಯೇ ಬಿಟ್ಟರೆ ಓರೆಯಾದ ರೆಕ್ಕೆ ಎಸೆತದಲ್ಲಿ ಗಿರಗಿರನೆ ತಿರುಗಿ, ಗಾಳದ ದಾರದ ತುದಿಯ ನವಿರಾದ ಎಳೆಯನ್ನು ಹುರಿಗೊಳಿಸಿಬಿಡುತ್ತದೆ.

ಖರ್ಚಿನ ಮಾತೂ ಇದಕ್ಕೇ ತಳುಕು ಹಾಕಿಕೊಂಡಿದೆ. ಹುಂಜದ ಬೆನ್ನಿನ ಹಿಂಭಾಗದ ಉದ್ದನೆಯ ಸ್ಯಾಡಲ್ ಗರಿ ಒಂದಿದ್ದರೆ ಹಲವು ಫ್ಲೈಗಳಿಗೆ ಹ್ಯಾಕಲ್ ಆಗುತ್ತದೆ, ಆದರೆ ಅದರ ತುದಿ ತೀರ ಕಿರಿದಾದ್ದರಿಂದ ರೆಕ್ಕೆಗೆ ಒದಗುವುದಿಲ್ಲ. ರೆಕ್ಕೆಗೆಂದೇ ಅಗಲ ತುದಿಯ ಕತ್ತಿನ ಗರಿಗಳನ್ನು ಬೇರೆಯಾಗಿ ಕೊಳ್ಳಬೇಕು. ಪ್ಯಾರಾಶೂಟ್‌ಗೆ ಬಿಳಿ ಪಾಲಿಪ್ರೊಪಿಲೀನ್ ನೂಲಿನ ಒಂದು ತುಂಡು ಸಾಕು: ಅದನ್ನು ಕಂಬದಂತೆ ನಿಲ್ಲಿಸಿ, ಬುಡಕ್ಕೆ ದಾರ ಸುತ್ತಿ ಗಟ್ಟಿಮಾಡಿ, ಹ್ಯಾಕಲನ್ನು ಅಡ್ಡಡ್ಡಲಾಗಿ, ಪ್ರತಿ ಸುತ್ತೂ ಹಿಂದಿನದರ ಕೆಳಗೆ ಬರುವಂತೆ ಸುತ್ತಿದರಾಯಿತು. ಕೊನೆಯ ಗಂಟಿನಲ್ಲಿ ಗರಿಯ ಎಳೆಗಳು ಸಿಕ್ಕಿಕೊಳ್ಳುವ ಕಾಟ ಇಲ್ಲಿಯೂ ಇದೆ. ಎಳೆಗಳನ್ನು ಬೆರಳಿನಿಂದ ಮೇಲೆತ್ತಿ ಹಿಡಿದರೆ ತಪ್ಪುತ್ತದೆ.

ಮೈಗೆ ಎರಡರಲ್ಲೂ ಮಸ್ಕ್‌ರಾಟ್ ಎಂಬ ನೀರಿಲಿಯ ತುಪ್ಪಳದ ಬೂದು ಬಣ್ಣವೇ. ನೇರಳೆ ಮೈಯ ‘ಪರ್ಪಲ್ ಹೇಜ಼್’ ಕಟ್ಟುವ ಕ್ರಮದಲ್ಲಿ ಪ್ಯಾರಾಶೂಟೇ ಆದ್ದರಿಂದ ಹೊಸದಾಗಿ ಕಲಿಯಬೇಕಾದ್ದೇನೂ ಇಲ್ಲ. ಬಾಲದ ಬುಡದಲ್ಲಿ ಹಳದಿ ಮೊಟ್ಟೆಯುಂಡೆ ಇರುವ ‘ಫೀಮೇಲ್ ಆಡಮ್ಸ್’ ನೋಡಲು ಚೆಂದ, ನನಗೆ ಅದರ ಅಗತ್ಯ ಕಂಡಿಲ್ಲ.

ನಾನು ಹೆಚ್ಚಾಗಿ ಗಾಳ ಹಾಕುವುದು ಸಂಜೆ, ನಿಧಾನವಾಗಿ ಹರಿಯುವ ನೀರಿನಲ್ಲಿ. ಅಲ್ಲಿ ಮೈಯನ್ನು ನೀರಿನ ಮೇಲ್ಪದರಕ್ಕೆ ಅಂಟಿಸಿಕೊಂಡು ತೇಲುವ, ಮಬ್ಬಿನಲ್ಲೂ ಬಿಳಿ ಕಂಬ ಕಾಣುವ ಪ್ಯಾರಾಶೂಟೇ ನನಗೆ ಹಿತ. ಬಂಡೆಗಳ ನಡುವೆ ನೊರೆಯೆದ್ದು ಓಡುವ ನೀರಿನಲ್ಲಿ ಮಾತ್ರ ಹ್ಯಾಕಲ್‌ನ ಮೇಲೆ ಎತ್ತರವಾಗಿ ನಿಂತು ಸಾಗುವ ಹಳೆಯ ಆಡಮ್ಸ್ ಮೇಲು. ಅದಕ್ಕೆಂದು ನಾಲ್ಕಾರು ಡಬ್ಬಿಯಲ್ಲಿರುತ್ತವೆ, ಅಂಗಡಿಯಿಂದ ಕೊಂಡವು.