ತಿರುಗುವ ಕೋಳಿಯೋ, ಚಪ್ಪಟೆ ಕೋಳಿಯೋ?

ಹಿತ್ತಲಲ್ಲಿ ಗ್ಯಾಸ್ ಗ್ರಿಲ್ ಇದೆ, ಇಡೀ ಕೋಳಿ ಸುಡಬೇಕು. ಕೋಳಿಯನ್ನು ಕಂಬಿಗೆ ಚುಚ್ಚಿ ಮೋಟರ್‌ನಿಂದ ತಿರುಗಿಸುತ್ತಾ ಸುಡುವ ರೋಟಿಸರಿ ಕಿಟ್ ಕೊಳ್ಳೋದಾ, ಇಲ್ಲ ಬೆನ್ನುಮೂಳೆ ಕತ್ತರಿಸಿ ಕೋಳಿಯನ್ನು ಚಪ್ಪಟೆ ಮಾಡಿ ಜಾಲರಿ ಮೇಲೆ ಇಡೋದಾ?

ವಾರದ ದಿನ, ಹೊಟ್ಟೆ ಹಸಿದಿದೆ ಅಂದರೆ ಚಪ್ಪಟೆಯೇ ಸರಿ. ಗಟ್ಟಿ ಕತ್ತರಿ ಒಂದಿದ್ದರೆ ಸಾಕು. 1.8 ಕೆಜಿ ಕೋಳಿ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ. ತೊಡೆ ಉರಿಯ ಕಡೆಗಿರಲಿ, ಎದೆ ದೂರವಿರಲಿ.

ರೋಟಿಸರಿಗೆ ಕೆಲಸ ಜಾಸ್ತಿ. ಜಾಲರಿ ತೆಗೆಯಬೇಕು, ಮೋಟರ್‌ಗೆ ಹತ್ತಿರದಲ್ಲಿ ಪ್ಲಗ್ ಬೇಕು. ಮುಚ್ಚಳ ಮುಚ್ಚಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂಕಾಲು ಗಂಟೆಯಾದರೂ ಹಿಡಿಯುತ್ತದೆ. ರೆಕ್ಕೆ, ಕಾಲು ದಾರದಿಂದ ಬಿಗಿಯಾಗಿ ಕಟ್ಟಲೇಬೇಕು. ನಾನು ಮೊದಲ ಸಲ ಸಡಿಲ ಬಿಟ್ಟಿದ್ದೆ, ಒಂದು ರೆಕ್ಕೆ ಪೂರ್ತಿ ಕರಕಲಾಯಿತು. ಕಂಬಿಯನ್ನು ಎರಡೂ ಅಂಗೈ ಮೇಲೆ ಇಟ್ಟು ನೋಡಿ. ಭಾರದ ಬದಿ ತಾನೇ ಕೆಳಗೆ ಹೊರಳಿದರೆ ಕೋಳಿಯನ್ನು ಮತ್ತೆ ಸರಿಯಾಗಿ ಚುಚ್ಚಿ. ಇಲ್ಲದಿದ್ದರೆ ಮೋಟರ್ ಏದುಸಿರು ಬಿಡುತ್ತದೆ. ಕೆಳಗೊಂದು ತಟ್ಟೆ ಇಡಿ, ಕೊಬ್ಬು ಬೆಂಕಿಗೆ ಬಿದ್ದರೆ ಉರಿ ಭಗ್ಗನೆ ಏಳುತ್ತದೆ.

ಆದರೆ ತಿರುಗುವಾಗ ಹತ್ತಿರ ಹೋಗಿ ನೋಡಬೇಕು! ಕರಗಿದ ಕೊಬ್ಬಿನ ಹನಿ ತಕ್ಷಣ ಕೆಳಗೆ ಬೀಳುವುದಿಲ್ಲ. ಚರ್ಮದ ಮೇಲೆಯೇ ಉರುಳುತ್ತಾ ಸುತ್ತು ಹಾಕುತ್ತದೆ. ಹಾಗಾಗಿ ಎಲ್ಲ ಕಡೆ ಒಂದೇ ಸಮನಾದ ಜೇನು ಬಣ್ಣ ಬರುತ್ತದೆ. ಎದೆಯೂ ಒಣಗುವುದಿಲ್ಲ.

ಯಾವುದೇ ಆದರೂ ಹಿಂದಿನ ರಾತ್ರಿಯೇ ಉಪ್ಪು ಸವರಿ ಫ್ರಿಜ್‌ನಲ್ಲಿಡಿ. ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರ್ 74 ಡಿಗ್ರಿ ಸೆಲ್ಸಿಯಸ್ ತೋರಿಸುವ ತನಕ ಇಳಿಸಬೇಡಿ.

ತಿಂಗಳಿಗೆರಡು ಸಲ ನೆಂಟರಿಷ್ಟರು ಬರುವ ಮನೆಯಾದರೆ ರೋಟಿಸರಿ ಕೊಳ್ಳಿ. ವರ್ಷಕ್ಕೊಮ್ಮೆ ಮಾಡುವುದಕ್ಕಾದರೆ ಸುಮ್ನೆ ದುಡ್ಡು ಹಾಕಬೇಡಿ, ಕತ್ತರಿ ಸಾಕು.