ಹಳೇ ಪೆಟ್ರೋಲ್ ಕಾರಿನ ಮೈಲೇಜ್ ಬಿದ್ದಿದ್ಯಾ? ಮೊದ್ಲು ಥರ್ಮೋಸ್ಟಾಟ್ ಇದ್ಯಾ ನೋಡಿಸಿ

ಹಳೇ ಆಲ್ಟೊ, ಜೆನ್, ವ್ಯಾಗನ್ ಆರ್ ತರದ ಗಾಡಿ ಇಟ್ಕೊಂಡಿರೋರು, ಅದರಲ್ಲೂ ಬೇಸಿಗೆಲಿ ಹೀಟ್ ಆಯ್ತು ಅಂತ ರೇಡಿಯೇಟರ್ ಕೆಲಸ ಮಾಡಿಸಿರೋರು ಇದನ್ನ ಓದಿ. ಆಮೇಲಿಂದ ಮೈಲೇಜ್ ಬಿದ್ದಿದ್ರೆ ಸೆನ್ಸರ್ರು ಇಂಜೆಕ್ಟರ್ರು ಅಂತ ದುಡ್ಡು ಸುರಿಯೋಕ್ ಮುಂಚೆ ಇಂಜಿನ್ ಬಿಸಿನ ಹದದಲ್ಲಿಡೋ ಥರ್ಮೋಸ್ಟಾಟ್ ವಾಲ್ವ್ ಒಳಗಿದ್ಯಾ ಇಲ್ವಾ ನೋಡ್ಕೊಳ್ಳಿ.

ನಂದು 2007ರ ಆಲ್ಟೊ, 796 ಸಿಸಿ. ಹಾಸನ ಸಕಲೇಶಪುರ ಓಡಾಟಕ್ಕೆ 17-18 ಆರಾಮಾಗಿ ಕೊಡ್ತಿತ್ತು. ಏಪ್ರಿಲ್‌ನಲ್ಲಿ ಹೀಟ್ ಆಗಿ ನಿಂತಾಗ ಗ್ಯಾರೇಜ್‌ನೋರು ರೇಡಿಯೇಟರ್ ಕ್ಲೀನ್ ಮಾಡಿ ಹೋಸ್ ಬದಲಾಯಿಸಿ "ಇನ್ಮೇಲೆ ಹೀಟ್ ಅನ್ನೋ ಮಾತೇ ಇಲ್ಲ ಸಾರ್" ಅಂದ್ರು. ಹೀಟ್ ಆಗ್ಲಿಲ್ಲ, ನಿಜ. ಆದ್ರೆ ಮಳೆ ಹಿಡಿಯೋ ಹೊತ್ತಿಗೆ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕಿದ್ರೆ 12 ದಾಟ್ತಿಲ್ಲ.

ವಾಪಸ್ ಅಲ್ಲಿಗೇ ಹೋದೆ, ಇ20 ಪೆಟ್ರೋಲ್ ಸಾರ್ ಎಲ್ರದ್ದೂ ಹಿಂಗೇ ಅಂದ್ರು. ಇ20, ಅಂದ್ರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್‌ನಿಂದ ಮೈಲೇಜ್ ಬೀಳೋದು ಸುಳ್ಳಲ್ಲ, ಹಳೇ ಕಾರುಗಳಿಗೆ ಶೇ. 6-7ರಷ್ಟು ಬೀಳತ್ತೆ ಅಂತ ನೀತಿ ಆಯೋಗದ 2021ರ ವರದಿಲೇ ಇದೆ, ಆದ್ರೆ 18ಕ್ಕೆ ಅದು ಒಂದು ಒಂದೂಕಾಲು ಕಿಲೋಮೀಟರ್ ಆಗತ್ತೆ ಅಷ್ಟೆ, ಉಳಿದಿದ್ದು ಎಲ್ಲಿಗ್ ಹೋಯ್ತು? ಆಮೇಲೆ ಪ್ಲಗ್ ಬದಲಾಯಿಸಿದ್ರು, ಇಂಜೆಕ್ಟರ್ ಕ್ಲೀನಿಂಗ್ ಆಯ್ತು, ಸಾವಿರಗಟ್ಟಲೆ ಕೊಟ್ಟು ಆಕ್ಸಿಜನ್ ಸೆನ್ಸರ್ ಹೊಸದು ಬಂತು. ಹೊಸ ಪ್ಲಗ್ಗೂ ಸ್ವಲ್ಪ ದಿನಕ್ಕೇ ಕಾಡಿಗೆ ಬಳಿದಂಗೆ ಮಸಿ. ಕೊನೆಗೆ "ಬೋರ್ ಹೋಗಿದೆ, ಇಂಜಿನ್ ಇಳಿಸ್ಬೇಕು" ಅಂದ್ರು ನೋಡಿ, ಸಿಲಿಂಡರ್ ಒಳಗೆ ಸವೆದಿದೆ ಅಂತ! ಹೊಗೆ ಇಲ್ಲ, ಆಯಿಲ್ ಕಡಿಮೆ ಆಗ್ತಿಲ್ಲ, ಸಿಲಿಂಡರ್ ಒತ್ತಡ ಅಳೆಯೋ ಒಂದು ಕಂಪ್ರೆಷನ್ ಟೆಸ್ಟೂ ಮಾಡಿಲ್ಲ, ಬೋರ್ ಹೋಗಿದೆಯಂತೆ.

ಸಕಲೇಶಪುರದಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ರಿದ್ರು, ಬಾನೆಟ್ ಎತ್ತಕ್ಕೂ ಮುಂಚೆ ಡ್ಯಾಶ್‌ಬೋರ್ಡ್ ನೋಡಿ "ಹಾಸನದಿಂದ ಬಂದ್ರೂ ಮುಳ್ಳು ಇಷ್ಟೇನಾ?" ಅಂದ್ರು. ಟೆಂಪರೇಚರ್ ಮುಳ್ಳು ಸಿ (ಕೋಲ್ಡ್) ಗೆರೆ ಬಿಟ್ಟು ಒಂಚೂರು ಮೇಲೆ. ಹೀಟರ್ ಹಾಕಿದ್ರೆ ಗಾಳಿ ಉಗುರುಬೆಚ್ಚಗೆ. ರೇಡಿಯೇಟರ್ ಮೇಲಿನ ಹೋಸ್ ಇಂಜಿನ್‌ಗೆ ಸೇರೋ ಕಡೆ ಇರೋ ಕ್ಯಾಪ್ ಬಿಚ್ಚಿದ್ರು, ಒಳಗೆ ವಾಲ್ವೇ ಇಲ್ಲ, ಖಾಲಿ ತೂತು.

ಇಂಜಿನ್ ಸುಮಾರು 80 ಡಿಗ್ರಿ ಮುಟ್ಟೋವರೆಗೂ ಕೂಲೆಂಟ್‌ನ (ಇಂಜಿನ್ ತಣ್ಣಗಿಡೋ ದ್ರವನ) ರೇಡಿಯೇಟರ್‌ಗೆ ಬಿಡದೆ ತಡೆಯೋದೇ ಈ ವಾಲ್ವ್ ಕೆಲಸ. ಅದು ಇಲ್ದಿದ್ರೆ ಮಲೆನಾಡಿನ ಚಳಿಲಿ, ಹೈವೇ ಗಾಳಿಲಿ ಇಂಜಿನ್ ಬಿಸಿನೇ ಆಗಲ್ಲ, ಇಸಿಎಂ, ಅಂದ್ರೆ ಇಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್, ಗಾಡಿ ಈಗ ತಾನೇ ಸ್ಟಾರ್ಟ್ ಆಗಿದೆ ಅಂದ್ಕೊಂಡು ಪೆಟ್ರೋಲ್ ಜಾಸ್ತಿ ಕೊಡ್ತಾನೇ ಇರತ್ತೆ. ಮೈಲೇಜ್ ಒಂದೇ ಅಲ್ಲ, ಸುಡದೇ ಇರೋ ಪೆಟ್ರೋಲ್ ಆಯಿಲ್‌ಗೆ ಇಳಿಯತ್ತೆ. ನಂದು ಡಿಪ್‌ಸ್ಟಿಕ್ ಎಳೆದು ಮೂಸಿದ್ರೆ ಘಮ್ಮಂತ ಪೆಟ್ರೋಲ್ ವಾಸನೆ, ಹಂಗಾಗಿ ಆಯಿಲ್ಲೂ ಚೆಲ್ಲಿಸಬೇಕಾಯ್ತು.

ಮನೇಲೇ ನೋಡ್ಬಹುದು. ಬೆಳಿಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮುಟ್ಕೊಂಡಿರಿ, ಫ್ಯಾನ್ ಹತ್ರ ಕೈ ತರಬೇಡಿ ಮಾತ್ರ. ವಾಲ್ವ್ ಸರಿ ಇದ್ರೆ ಸ್ವಲ್ಪ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿ ಆಗತ್ತೆ, ಇಲ್ದಿದ್ರೆ ಮೊದಲಿಂದ್ಲೇ ನಿಧಾನಕ್ಕೆ ಬೆಚ್ಚಗಾಗ್ತಾ ಹೋಗತ್ತೆ. ಮುಳ್ಳು ಸರಿಯಾಗಿ ನಿಂತೂ ಮೈಲೇಜ್ ಇಲ್ಲ ಅಂದ್ರೆ ಇಸಿಎಂಗೆ ಹೋಗೋ ಕೂಲೆಂಟ್ ಸೆನ್ಸರ್‌ನ ಮೀಟರ್ ಹಾಕಿ ನೋಡಿಸಿ, ಅದು ಸುಳ್ಳು ಹೇಳಿದ್ರೂ ಕಥೆ ಇದೇ. ಟೈರ್ ಗಾಳಿ, ಬ್ರೇಕ್ ಹಿಡ್ಕೊಂಡಿರೋದು ಇವೆಲ್ಲ ಗೊತ್ತಿರೋದೇ, ಅವನ್ನೂ ನೋಡಿ.

ಹೊಸ ವಾಲ್ವ್ ಐನೂರು ರೂಪಾಯಿ ಒಳಗೇ ಸಿಕ್ತು, ಈಗ 16-17 ಬರ್ತಿದೆ. ಮೊದಲಿನ ಗ್ಯಾರೇಜ್‌ನೋರಿಗೆ ಯಾಕ್ರೀ ಕಿತ್ತಿದ್ದು, ಬಿಲ್‌ನಲ್ಲೂ ಬರ್ದಿಲ್ಲ ಅಂತ ಕೇಳಿದ್ದಕ್ಕೆ "ನಮ್ಮ ಕಡೆ ಬಿಸ್ಲಿಗೆ ಅದು ಬೇಡ ಸಾರ್, ಎಲ್ಲಾ ಗಾಡಿಗೂ ತೆಗೆದ್ಬಿಡ್ತೀವಿ" ಅಂದ್ರು, ಅದೂ ಏನೋ ಉಪಕಾರ ಮಾಡಿದೋರ ತರ.